ತೊಗಲಿನ ಹೊಲದ ಉಪ್ಪು

ಲಾಲಸಾಬ, ನಾನು ನಿನಗೆ ಸುಳ್ಳು ಹೇಳಿದೆ. ದಂಡೋತಿಯಲ್ಲಿ, ಐದು ಜನ ಹಿರಿಯರ ಮುಂದೆ, ನಿನ್ನ ಮುಖ ನೋಡುತ್ತಲೇ ಹೇಳಿದೆ. ಇಂದು ನಿಜಾಮರ ಆಳ್ವಿಕೆಯೂ ಇಲ್ಲ, ಆ ಹಿರಿಯರೂ ಇಲ್ಲ. ಉಳಿದದ್ದು ನಾವಿಬ್ಬರು—ಮತ್ತು ಅಂದು ನಾನು ನಿನಗೆ ದಾಟಿಸಿದ ಆ ಹೊಲ.

ನಮ್ಮಪ್ಪ ಅದನ್ನು ತೊಗಲಿನ ವ್ಯಾಪಾರಿಯೊಬ್ಬನಿಗೆ ಬಿಟ್ಟುಕೊಟ್ಟಿದ್ದು ನಿನಗೂ ಗೊತ್ತು. ಇಪ್ಪತ್ತು ವರ್ಷ ಅಲ್ಲಿ ಹಸಿ ತೊಗಲಿಗೆ ಉಪ್ಪು ಹಚ್ಚಿ, ಒಣಗಿಸಿ, ವಾಡಿಯ ರೈಲಿಗೆ ಕಳಿಸಿದರು. ನಾನು ಆ ಸುಳ್ಳು ಹೇಳುವ ಹೊತ್ತಿಗೆ ಆತ ಜಾಗ ಬಿಟ್ಟು ಮೂರು ಮಳೆಗಾಲ ಕಳೆದಿದ್ದವು. ಉಪ್ಪೆಲ್ಲ ತೊಳೆದುಹೋಗಿದೆ ಎಂದು ಊರು ನಂಬಿತ್ತು—ಹಾಗೆಂದು ಹೇಳುತ್ತ ತಿರುಗಿದವನು ನಾನೇ.

ಕಾಗಿಣಾ ಹೊಳೆಯ ಆಚೆಗಿನ ನಿನ್ನ ಕಪ್ಪು ಮಣ್ಣಿನ ಎರೆಹೊಲ ಅಲ್ಲಿದ್ದ ನನ್ನ ಇನ್ನೊಂದು ಹೊಲಕ್ಕೆ ಹತ್ತಿಕೊಂಡಿತ್ತು. ಕಾಲು ಮುರಿದ ಮೇಲೆ ನಿನಗೆ ಹೊಳೆ ದಾಟುವುದು ಆಗುತ್ತಿರಲಿಲ್ಲ. ಊರ ಪಕ್ಕದ ಈ ತೊಗಲಿನ ಹೊಲ ಕೊಟ್ಟು ಅದನ್ನು ಪಡೆಯುವುದು ನನ್ನ ಹೂಟ. ಹೊಲ ಬದಲಿಸುವ ಮುಂಚೆ ಮಣ್ಣು ನಾಲಿಗೆಗಿಟ್ಟು ನೋಡುವುದು ನಮ್ಮಲ್ಲಿ ವಾಡಿಕೆ. ಊರೆಲ್ಲ ನಂಬಿದ ನಾಲಿಗೆ ನನ್ನದು. ತನ್ನ ಹೊಲವನ್ನು ತಾನೇ ನೋಡಿ ಹೇಳುವುದು ಯಾವ ನ್ಯಾಯ ಎಂದು ಯಾರಾದರೂ ಕೇಳಿದ್ದರೆ... ಕೇಳಲಿಲ್ಲ. ನೀನಂತೂ ನಕ್ಕೆ: "ನೀವು ಹೇಳ್ರಿ ಶರಣಪ್ಪಣ್ಣ. ನಿಮ್ಮ ಮಾತಿನ ಮ್ಯಾಲ ಭಾಳ ಭರೋಸ ಅದ."

ಮೊಳದಾಳದ ಮಣ್ಣು ತೆಗೆದು ನಾಲಿಗೆಗಿಟ್ಟೆ. ಉಪ್ಪು—ಬಾಯೆಲ್ಲ ಉಪ್ಪು. ಉಗುಳಲಿಲ್ಲ, ನುಂಗಿದೆ.

"ಸಿಹಿ ಮಣ್ಣು ಅದ, ಲಾಲಸಾಬ. ಫಿಕರ್ ಮಾಡಬ್ಯಾಡ, ಬಿತ್ತು."

ಜೋಳ ಗೇಣುದ್ದ ಬೆಳೆದು ತುದಿ ಸುಟ್ಟುಕೊಂಡಿತು. ಮರುವರ್ಷವೂ ಅಷ್ಟೇ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು; ನನ್ನ ಮಾತು ನಂಬಿದ್ದ ನೀನು ಅದನ್ನು ಸುಣ್ಣವೆಂದುಕೊಂಡೆ. ಮಳೆ ಕೆಳಗಿಳಿಸಿದ ಉಪ್ಪನ್ನು ಬಿಸಿಲು ಮತ್ತೆ ಮೇಲಕ್ಕೆಳೆಯುತ್ತದೆ—ಇದು ನನಗೆ ಮೊದಲೇ ಗೊತ್ತಿತ್ತು. ನೀನು ಗೊಬ್ಬರ ಹಾಕಿದೆ, ಬೀಜ ಬದಲಿಸಿದೆ. ಕೊನೆಗೆ ಆ ಕಾಲನ್ನೇ ಎಳೆದುಕೊಂಡು ಶಹಾಬಾದಿನ ಕಲ್ಲುಗಣಿಗೆ ಕೂಲಿಗೆ ಹೊರಟೆ. ಹೊರಡುವ ಮುಂಚೆ ನನ್ನ ಮನೆಗೂ ಬಂದೆ.

"ಮಣ್ಣಿಂದೇನೂ ತಪ್ಪಿಲ್ಲಣ್ಣ, ನೀವೇ ನೋಡೀರಿ. ನನ್ನ ಕೈನೇ ಸರಿ ಇಲ್ಲ."

ಆಗಲಾದರೂ ಹೇಳಬೇಕಿತ್ತು. ನಿನ್ನ ಎರೆಹೊಲದ ಜೋಳದ ರೊಟ್ಟಿ ಮುರಿಯುತ್ತ ತಲೆಯಾಡಿಸಿದೆ.

ಅಂದಿನಿಂದ ಯಾರು ಕರೆದರೂ ಮಣ್ಣು ನೋಡಲು ಹೋಗಿಲ್ಲ. ಮೊನ್ನೆ ಮಾತ್ರ ಆ ಹೊಲದಲ್ಲಿ, ಅದೇ ಜಾಗದಲ್ಲಿ ಅಗೆದು ನಾಲಿಗೆಗಿಟ್ಟೆ. ಇನ್ನೂ ಉಪ್ಪು.

ಎರೆಹೊಲವನ್ನು ನಿನ್ನ ಹೆಸರಿಗೆ ಬರೆಸಲು ಚಿತ್ತಾಪುರದ ಕಚೇರಿಗೆ ಹೋಗುತ್ತೇನೆ. ಕ್ಷಮೆಗಾಗಿ ಅಲ್ಲ—ಅದು ನಿನ್ನದೇ. ಅದಕ್ಕೂ ಮೊದಲು ಈ ಕಾಗದವನ್ನು ಊರ ಚಾವಡಿಯಲ್ಲಿ ನಿಂತು ನಾನೇ ಗಟ್ಟಿಯಾಗಿ ಓದುತ್ತೇನೆ. ನಿನ್ನ ಕೈ ಸರಿಯಾಗಿಯೇ ಇತ್ತು, ಲಾಲಸಾಬ.