ನಡುವಿನದು ಅತ್ತೆಯ ಪಾಲು

ನಮ್ಮ ಅತ್ತೆ ದರ್ಜಿ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕಿನ ಬಿಲ್ಲೆ, ತುಟಿಗಳ ನಡುವೆ ಒಂದೆರಡು ಗುಂಡುಸೂಜಿ. ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ವಿದ್ಯೆ ನಾನು ಕಂಡಂತೆ ಅವಳೊಬ್ಬಳಿಗೇ ಬರುತ್ತಿತ್ತು. ಅಪ್ಪನಿಗೂ ಚಿಕ್ಕಪ್ಪನಿಗೂ ಅವಳು ಅಕ್ಕ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಇಬ್ಬರಿಗೂ ತಾಯಿಯ ಜಾಗದಲ್ಲಿ ನಿಂತವಳೂ ಅವಳೇ. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಈ ಎರಡನ್ನ ಸಾಕಿದ್ದೇ ಸಾಕಾಗಿದೆ, ಮೂರನೇದು ಬೇರೆ ಯಾಕೆ?" ಅನ್ನುತ್ತಿದ್ದಳು.

ಅವಳ ಕಥೆ ಹೇಳಬೇಕೆಂದರೆ ಕಾರಿನ ಕಥೆ ಹೇಳಬೇಕು. ಅದು ಅಜ್ಜನ ಗ್ಯಾರೇಜಿಗೆ ಯಾರೋ ದೊಡ್ಡ ಮನುಷ್ಯರು ರಿಪೇರಿಗೆಂದು ತಂದು, "ಇನ್ನು ನೀವೇ ಇಟ್ಕೊಳ್ಳಿ" ಅಂತ ಹೇಳಿ ಕಳಿಸಿ ಊರು ಬಿಟ್ಟುಹೋದ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡಂಥ ಕುಳ್ಳು ಗಾಡಿ, ತಲೆಯ ಮೇಲೆ ಬರೀ ಕ್ಯಾನ್ವಾಸು, ಇರುವುದೇ ಎರಡು ಸೀಟು. ಅತ್ತೆ ಆಗ ಪುಟ್ಟ ಹುಡುಗಿ. ಕಾರಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸುತ್ತಾ ಬಾಯಲ್ಲೇ ಹಾರನ್ ಹೊಡೆಯುತ್ತಿದ್ದಳಂತೆ. "ಇದನ್ನ ಸರಿಮಾಡಿ ಮೊದಲನೇ ಸುತ್ತು ನಿನ್ನನ್ನೇ ಕೂರಿಸ್ಕೊಂಡು ಹೋಗ್ತೀನಿ ಮಗಳೇ" ಅಂತ ಅಜ್ಜ ಹೇಳಿದ್ದ. ಊರವರ ಗಾಡಿಗಳನ್ನೆಲ್ಲ ಸರಿಮಾಡಿದ ಅಜ್ಜನಿಗೆ ಇದೊಂದಕ್ಕೆ ಬಿಡುವಾಗಲೇ ಇಲ್ಲ. ಅವನು ಹೋದ. ಕಾರು ಅಂಗಳದ ಮಧ್ಯೆ ಚಕ್ರ ಮಣ್ಣಲ್ಲಿ ಹೂತುಕೊಂಡು ತುಕ್ಕು ಹಿಡಿಯುತ್ತಾ ಕೂತಿತು.

ಆಮೇಲೆ ಗ್ಯಾರೇಜನ್ನು ಅಣ್ಣತಮ್ಮ ಒಟ್ಟಿಗೇ ನಡೆಸಿದರು. ಒಂದು ದಿನ ಗಿರಾಕಿಗಳ ಎದುರು ಚಿಕ್ಕಪ್ಪ, "ಅಣ್ಣ ಮಾಡಿದ ಕೆಲಸ ಅಂದ್ರೆ ನಾನು ಇನ್ನೊಂದ್ಸಲ ಮಾಡ್ಬೇಕು ಅಂತಾನೇ ಅರ್ಥ" ಅಂತ ನಕ್ಕ. ಗಿರಾಕಿಗಳೂ ನಕ್ಕರು. ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಹಾಗಾದ್ರೆ ಇವತ್ತಿಂದ ನಿಂದು ನೀನು ನೋಡ್ಕೋ" ಅಂದ. ಅಷ್ಟೇ ರೀ! ಎಂಥೆಂಥ ದೊಡ್ಡ ವಿಷಯಕ್ಕೋ ಮನೆ ಒಡೆಯುವುದನ್ನು ಕೇಳಿದ್ದೇವೆ, ನಮ್ಮ ಮನೆ ಒಡೆದದ್ದು ಒಂದು ತಮಾಷೆಗೆ.

ಮನೆಯೊಳಗೆ ಗೋಡೆ ಎದ್ದಿತು. ಗ್ಯಾರೇಜಿನೊಳಗೂ ಎದ್ದಿತು. ಕೊನೆಗೆ ಮನೆಯಿಂದ ಬೀದಿಯ ಗೇಟಿನವರೆಗೆ ಅಂಗಳವನ್ನೂ ಎರಡು ಮಾಡಬೇಕೆಂದು ಗಾರೆ ಮೇಸ್ತ್ರಿ ಇಟ್ಟಿಗೆ ಇಡುತ್ತಾ ಬಂದ. ಬಂದು ಕಾರಿನ ಬೆನ್ನಿಗೆ ನಿಂತ. ಕಾರು ಸರಿಯಾಗಿ ನಡುಮಧ್ಯೆ ಕೂತಿತ್ತು, ಮೂತಿ ಗೇಟಿನ ಕಡೆಗೆ.

"ಇದನ್ನ ಯಾರ ಕಡೆ ಸರಿಸ್ಲಿ?" ಅಂತ ಕೇಳಿದ ಮೇಸ್ತ್ರಿ.

"ನನ್ನ ಕಡೆ" ಅಂದರು ಇಬ್ಬರೂ. ಎಷ್ಟೋ ವರ್ಷಗಳವರೆಗೆ ಅವರು ಒಟ್ಟಿಗೆ ಆಡಿದ ಕೊನೆಯ ಮಾತು ಅದು.

ಮಹಡಿಯ ಮೇಲಿನ ಕೋಣೆಯಿಂದ ಅತ್ತೆ ದಡದಡ ಇಳಿದು ಬಂದಳು. "ಎಲ್ಲ ಹಂಚ್ಕೊಂಡ್ರಲ್ಲ, ಅಕ್ಕ ನಿಂಗೇನು ಬೇಕು ಅಂತ ಒಬ್ರಾದ್ರೂ ಕೇಳಿದ್ರಾ?" ಇಬ್ಬರೂ ನೆಲ ನೋಡಿದರು. "ನಂಗೇನೂ ಬೇಡ. ಅಪ್ಪ ಬಿಟ್ಟುಹೋದ ಈ ಕಾರು ಓಡ್ಬೇಕು. ನೀವೇ ಓಡಿಸ್ಬೇಕು." ಅಂದವಳೇ ಚಾಕಿನ ಬಿಲ್ಲೆ ತೆಗೆದು ಕಾರಿನ ಮೂತಿಯಿಂದ ಡಿಕ್ಕಿಯವರೆಗೆ ಉದ್ದಕ್ಕೂ ಎರಡು ಗೆರೆ ಎಳೆದಳು. "ಎಡಗಡೇದು ದೊಡ್ಡೋನ್ದು. ಬಲಗಡೇದು ಚಿಕ್ಕೋನ್ದು. ನಡುವಿಂದು ನಂದು. ನನ್ನ ಪಾಲಿಗೆ ನನ್ನ ಕೇಳ್ದೆ ಕೈ ಹಾಕಿದ್ರೆ ನೋಡಿ, ಕತ್ತರಿ ಮೇಲೇ ಇದೆ."

"ಮತ್ತೆ ಗೋಡೆ?" ಅಂದ ಮೇಸ್ತ್ರಿ.

"ಕಾರು ಹೊರಟ ಮೇಲೆ ಮುಗಿಸೋರಂತೆ, ಹೋಗಿ."

ಹೀಗೆ ನಮ್ಮ ಗೋಡೆ ಕಾರಿನ ಡಿಕ್ಕಿಗೆ ಮೂಗು ಒತ್ತಿಕೊಂಡು ಅರ್ಧಕ್ಕೇ ನಿಂತಿತು.

ಆಗ ನನಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಈ ಮನೆಯಿಂದ ಆ ಮನೆಗೆ ಹೋಗಬೇಕೆಂದರೆ ನಮಗೆ ಕಾರೇ ದಾರಿ. ಗೇಟಿನ ಕಡೆಯಿಂದ ಸುತ್ತಿಕೊಂಡು ಹೋಗಬಹುದಿತ್ತು, ಆದರೆ ಎಡಬಾಗಿಲಲ್ಲಿ ನುಗ್ಗಿ ಬಲಬಾಗಿಲಲ್ಲಿ ಇಳಿಯುವ ಮಜಾ ಅದರಲ್ಲೆಲ್ಲಿ? ಚಿಕ್ಕಪ್ಪನ ಮಗಳು ಅತ್ತಲಿಂದ ಬರುತ್ತಿದ್ದಳು, ನಾನು ಇತ್ತಲಿಂದ, ಇಬ್ಬರೂ ಹರಿದ ಸೀಟಿನ ಮೇಲೆ ಢಿಕ್ಕಿ ಹೊಡೆಯುತ್ತಿದ್ದೆವು. ಅಮ್ಮ, ಚಿಕ್ಕಮ್ಮ ಇಬ್ಬರೂ ಒಂದೊಂದು ಬಾಗಿಲಿಗೆ ಒರಗಿ ಟೀ ಕುಡಿಯುತ್ತಾ ಗಂಡಂದಿರನ್ನು ಆಡಿಕೊಳ್ಳುತ್ತಿದ್ದರು. ಅವರಿಬ್ಬರಿಗೆ ಯಾವ ಜಗಳವೂ ಇರಲಿಲ್ಲ, ಜಗಳಕ್ಕೆ ಪುರುಸೊತ್ತೂ ಇರಲಿಲ್ಲ.

ಭಾನುವಾರ ಬಂತೆಂದರೆ ಎಲ್ಲರಿಗೂ ಕಾರಿನ ಚಾಕರಿ. ತುಕ್ಕು ಎಷ್ಟಿತ್ತೆಂದರೆ ಅಮ್ಮ ಮೊದಲ ದಿನ ಒರೆಸಲು ಹೋದ ಮಡ್‌ಗಾರ್ಡು ಬಟ್ಟೆಯ ಜೊತೆಗೇ ಕೈಗೆ ಬಂತು. ನಾವು ಈ ಕಡೆ ಉಪ್ಪುಕಾಗದ ಹಿಡಿದು ಉಜ್ಜಿದರೆ ಅವರು ಆ ಕಡೆ ಉಜ್ಜುತ್ತಿದ್ದರು. ಅತ್ತ ಸದ್ದು ಜೋರಾಯಿತೋ, "ಏನು, ಕೈಗೆ ಶಕ್ತಿ ಇಲ್ವಾ ನಿಮಗೆ?" ಅಂತ ಅಪ್ಪ ನಮ್ಮ ಮೇಲೆ ಎಗರಾಡುತ್ತಿದ್ದ. ತಗಡು ಬಡಿಯುವುದರಲ್ಲಿ ಅಪ್ಪನ ಕೈ ಬಲು ನಿಧಾನ. ಎಡಗಡೆಯ ಒಂದು ಬಾಗಿಲಿಗೇ ಅವನು ಒಂದು ಬೇಸಿಗೆ ಪೂರ್ತಿ ತೆಗೆದುಕೊಂಡ. ಚಿಕ್ಕಪ್ಪ ಆಗಾಗ ಕತ್ತೆತ್ತಿ ಆ ಬಾಗಿಲು ನೋಡಿ ಮತ್ತೆ ಕತ್ತು ಬಗ್ಗಿಸುತ್ತಿದ್ದ.

ಇಬ್ಬರ ನಡುವೆ ಇದ್ದದ್ದು ಒಂದು ಕಾರಿನ ಅಗಲ. ಆದರೂ ಮಾತು ಅತ್ತೆಯ ಮೂಲಕವೇ ದಾಟಬೇಕು.

"ಅಕ್ಕಾ, ಆ ಕಡೆಯೋರಿಗೆ ಹೇಳು, ಜಾಕಿ ಸ್ವಲ್ಪ ಎತ್ಲಿ" ಅನ್ನುತ್ತಿದ್ದ ಅಪ್ಪ.

"ಎತ್ತಬೇಕಂತೆ ಕಣೋ."

"ಎತ್ತಿದ್ದಾಯ್ತು, ಕಣ್ಣು ಕಾಣ್ಸಲ್ವಾ ಅಂತ ಕೇಳು."

"ಎತ್ತಿದ್ದಾನಂತೆ. ಸಾಕಾ ಅಂತ ಪ್ರೀತಿಯಿಂದ ಕೇಳ್ತಿದ್ದಾನೆ."

ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದಳು. ನಾವು ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ.

ಎಂಜಿನ್ ನಡುವಿನದು, ಅಂದರೆ ಅತ್ತೆಯದು. ಒಂದು ವಾರ ಅಪ್ಪ ಕೈ ಹಾಕಬೇಕು, ಇನ್ನೊಂದು ವಾರ ಚಿಕ್ಕಪ್ಪ, ಇದು ಅವಳ ಕಾನೂನು. ಒಬ್ಬ ಬಿಗಿ ಮಾಡಿದ್ದನ್ನು ಇನ್ನೊಬ್ಬ ಬಂದು ಸಡಿಲ ಮಾಡುತ್ತಿದ್ದ. ಆ ಎಂಜಿನ್ ಹಾಗೆ ವರ್ಷಗಟ್ಟಲೆ ಬಿಚ್ಚಿಸಿಕೊಂಡು ಕಟ್ಟಿಸಿಕೊಂಡು ಒದ್ದಾಡಿತು. ಬಣ್ಣದ ಕಥೆ ಕೇಳಲೇಬೇಡಿ. ಹಸಿರು ಅಂತ ಅತ್ತೆ ಹೇಳಿದ್ದಳು. ಎಂಥ ಹಸಿರು ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ಎಡಕ್ಕೊಂದು ಹಸಿರು, ಬಲಕ್ಕೊಂದು ಹಸಿರು ಹೊಡೆದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿ, ತನ್ನ ಪಾಲಿನ ಬಾನೆಟ್ಟಿಗೆ ಕೆನೆಬಣ್ಣ ಹೊಡೆಸಿದಳು. ಸೀಟು ಹೊಲಿದಳು, ಕ್ಯಾನ್ವಾಸು ಹೊಲಿದಳು. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು, ಹಾರನ್ನು ಇವೂ ಅವಳ ಪಾಲೇ. ಎರಡೂ ಕೆಟ್ಟಿದ್ದವು, ಅವಳು ಅವನ್ನು ರಿಪೇರಿಗೆ ಕೊಡಲೇ ಇಲ್ಲ. ಕಾರಿಗೆ ಬಣ್ಣ ಬರುವ ಹೊತ್ತಿಗೆ ಅಣ್ಣತಮ್ಮನ ತಲೆಗೂದಲಿನ ಬಣ್ಣ ಹೋಗಿತ್ತು. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ್ದೆ.

ಒಂದು ಶನಿವಾರ ಸಂಜೆ ಎಂಜಿನ್ ಹತ್ತಿತು. ಕೆಮ್ಮಿತು, ಉಗುಳಿತು, ಆಮೇಲೆ ಹದವಾಗಿ ಗುರುಗುಟ್ಟುತ್ತಾ ನಿಂತಿತು. ಅಯ್ಯೋ, ಆ ಸದ್ದು! ಅಮ್ಮ, ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಇಬ್ಬರು ಗಂಡಸರೂ ಕೈ ಒರೆಸಿಕೊಂಡು ತಮ್ಮ ತಮ್ಮ ಬಾಗಿಲಿಗೆ ಹೋದರು. ಅಷ್ಟರಲ್ಲಿ ಗಾರೆ ಮೇಸ್ತ್ರಿ ಗೇಟಿನ ಹತ್ತಿರ ಇಟ್ಟಿಗೆ ಇಳಿಸುತ್ತಿರುವುದು ಅತ್ತೆಯ ಕಣ್ಣಿಗೆ ಬಿತ್ತು.

"ಏನು ಮೇಸ್ತ್ರಿ, ಇದೆಲ್ಲ?"

"ಗೋಡೆ ಮುಗಿಸ್ಬೇಕಲ್ಲಮ್ಮ. ನಿಮ್ಮ ದೊಡ್ಡ ತಮ್ಮನೂ ಹೇಳಿದ್ರು, ಚಿಕ್ಕೋರೂ ಹೇಳಿದ್ರು, ಬೇರೆ ಬೇರೆ ಬಂದು. ಸೋಮವಾರ ಬರ್ತೀನಿ."

ಅತ್ತೆಯ ಮುಖ ಇಷ್ಟೇ ಇಷ್ಟಾಯಿತು. ಮೇಲೆ ಹೋಗಿ ಹೊಲಿಗೆ ಮೆಷಿನ್ ಮುಂದೆ ಸುಮ್ಮನೆ ಕೂತುಬಿಟ್ಟಳು. ನಾನು ಹಿಂದೆಯೇ ಹೋದೆ.

"ಇಷ್ಟು ವರ್ಷ ನಾನು ಕಾರು ಕಟ್ಟಿಸ್ತಿದೀನಿ ಅಂದ್ಕೊಂಡಿದ್ದೆ ಕಣೇ. ನೋಡಿದ್ರೆ ಗೋಡೆ ಕಟ್ಟಿಸ್ತಿದ್ದೆ ಅಂತಾಯ್ತಲ್ಲ" ಅಂದಳು. ಮೆಷಿನ್ನಿನ ಚಕ್ರ ತಿರುಗಿಸುತ್ತಾ, "ನಾಳೆ ನಾನು ಸತ್ರೂ ಇವರು ಹೀಗೇ. ನನ್ನ ಆ ಪಕ್ಕ ಒಬ್ಬ, ಈ ಪಕ್ಕ ಒಬ್ಬ ನಿಂತಿರ್ತಾರೆ. ಮಾತು ದಾಟಿಸೋಕೆ ನಾನೂ ಎದ್ದು ಬರೋ ಹಾಗಿಲ್ಲ." ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ನೋಡಿದರೆ ಅತ್ತೆ ಬೇರೆಯೇ ಆಗಿದ್ದಳು. ಈ ದಿನಕ್ಕೆಂದೇ ಎಂದೋ ಹೊಲಿದಿಟ್ಟಿದ್ದ ಹೊಸ ರವಿಕೆ ಹಾಕಿಕೊಂಡು, ಡಿಕ್ಕಿಯ ನಡುವಿನ ಮುಚ್ಚಳ ತೆಗೆದು ಪೆಟ್ರೋಲ್ ಹೊಯ್ಯುತ್ತಿದ್ದಳು. ಹೊಯ್ದದ್ದು ಎಷ್ಟು? ಒಂದು ಚಿಕ್ಕ ಬಾಟ್ಲಿ. ಪಕ್ಕದಲ್ಲಿ ದೊಡ್ಡ ಕ್ಯಾನು ತುಂಬಿದ್ದು ಹಾಗೇ ಇತ್ತು.

"ಇಷ್ಟು ಸಾಕಾ ಅತ್ತೆ?"

"ಬಾಯಿ ಮುಚ್ಕೊಂಡಿರು" ಅಂತ ಮುಚ್ಚಳ ಬಿಗಿದಳು.

ಸ್ಟೇರಿಂಗ್ ಇದ್ದದ್ದು ಬಲಗಡೆ. ಚಿಕ್ಕಪ್ಪ ಹೋಗಿ ಕೂತ. "ಬಾ ಅಕ್ಕ, ಮೊದಲನೇ ಸುತ್ತು ನಿಂದೇ" ಅಂದ. ಅಪ್ಪನೂ ಎಡಗಡೆಯ ಬಾಗಿಲು ತೆರೆದು ಅವಳಿಗೆಂದೇ ಹಿಡಿದುಕೊಂಡಿದ್ದ. ಅಜ್ಜ ಹೇಳಿದ್ದ ಸುತ್ತು ಅದು, ಅವಳು ಹುಡುಗಿಯಾಗಿದ್ದಾಗಿನಿಂದ ಕಾದದ್ದು. ಅತ್ತೆ ಆ ಸೀಟನ್ನು ಒಮ್ಮೆ ಕೈಯಲ್ಲಿ ಸವರಿದಳು.

"ಅದು ದೊಡ್ಡೋನ ಪಾಲು. ನನ್ನ ಪಾಲು ನಡುವಿಂದು. ಅಲ್ಲಿ ಗೇರಿದೆ. ಗೇರಿನ ಮೇಲೆ ಕೂತ್ಕೊಳ್ಲಾ?" ಅಂದಳು. "ಅವರವರ ಪಾಲಲ್ಲಿ ಅವರವರೇ ಕೂತ್ಕೊಳ್ಳಿ. ಹೂಂ, ಹತ್ತೋ!"

ಅವಳ ದನಿಗೆ ಎದುರಾಡುವ ಎದೆ ಇಬ್ಬರಿಗೂ ಇರಲಿಲ್ಲ. ಅಪ್ಪ ಹತ್ತಿದ. ಒಬ್ಬ ಕಿಟಕಿಯಾಚೆ ನೋಡುತ್ತಾ, ಒಬ್ಬ ರಸ್ತೆ ನೋಡುತ್ತಾ, ಮೂತಿ ಊದಿಸಿಕೊಂಡು ಗೇಟು ದಾಟಿದರು. ಕಾರು ತಿರುವಿನಲ್ಲಿ ಮರೆಯಾಯಿತು, ಸದ್ದೂ ಮರೆಯಾಯಿತು. ಹಿಂದೆ ಖಾಲಿ ಅಂಗಳ, ಅರ್ಧ ಗೋಡೆ, ಇಟ್ಟಿಗೆಯ ರಾಶಿ. ಅತ್ತೆ ಗೇಟಿನ ಸರಳು ಹಿಡಿದು ನಿಂತೇ ಇದ್ದಳು. ತಂದಿಟ್ಟ ಟೀ ಆರಿ ಕೆನೆ ಕಟ್ಟಿತು. ಕೊನೆಗೆ, "ಕ್ಯಾನ್ ತಗೊಂಡು ಬಾರೇ" ಅಂತ ನನ್ನನ್ನು ಎಳೆದುಕೊಂಡು ಹೊರಟಳು.

ಶಾಲೆಯ ಕಾಂಪೌಂಡಿನ ಹತ್ತಿರ ಬರುವಷ್ಟರಲ್ಲೇ ಕೂಗಾಟ ಕೇಳಿಸಿತು. ಕಾರು ರಸ್ತೆ ಪಕ್ಕ ನಿಂತಿತ್ತು, ಬಾನೆಟ್ ಎತ್ತಿದ್ದರು, ಇಬ್ಬರ ತಲೆಯೂ ಒಳಗಿತ್ತು.

"ನಿನ್ನ ಕಡೆ ಪೈಪೇ ಸೋರ್ತಿರೋದು!"

"ನನ್ನ ಕಡೇದಾ? ನಿನ್ನ ವೈರು ನೋಡ್ಕೋ ಮೊದ್ಲು! ವೈರ್ ಸುತ್ತೋಕೆ ಅವತ್ತೂ ಬರ್ತಿರ್ಲಿಲ್ಲ ನಿಂಗೆ, ಇವತ್ತೂ ಬರಲ್ಲ!"

"ಯಾರಿಗಣ್ಣಾ ಬರಲ್ಲ? ನೀನು ಮಾಡಿದ ಕೆಲಸ ಅಂದ್ರೆ…" ಅಂದ ಚಿಕ್ಕಪ್ಪ ತಟ್ಟನೆ ನಿಲ್ಲಿಸಿದ.

ಅತ್ತೆ ನನ್ನ ಕೈ ಹಿಡಿದು ಕಾಂಪೌಂಡಿನ ಮರೆಗೆ ಸರಿದಳು. ಪೆಟ್ರೋಲ್ ಟ್ಯಾಂಕು ನಡುವಿನದು, ಅಕ್ಕನ ಪಾಲು. ಅದನ್ನೊಮ್ಮೆ ನೋಡೋಣ ಅಂತ ಇಬ್ಬರಿಗೂ ಹೊಳೆದೇ ಇರಲಿಲ್ಲ.

"ಯಾಕೆ ನಿಲ್ಲಿಸ್ದೆ? ಹೇಳು" ಅಂದ ಅಪ್ಪ. ದನಿ ಇಳಿದಿತ್ತು. "ಇನ್ನೊಂದ್ಸಲ ಮಾಡ್ಬೇಕು, ಅಷ್ಟೇ ತಾನೇ?"

ಚಿಕ್ಕಪ್ಪ ಸುತ್ತಿ ಬಂದು ಎಡಗಡೆಯ ಬಾಗಿಲಿನ ಮೇಲೆ ಅಂಗೈಯಿಟ್ಟ. "ಇಲ್ಲಣ್ಣ. ಈ ಬಾಗಿಲು ನೋಡು. ಇಷ್ಟು ನೀಟಾಗಿ ನನ್ನ ಕೈಲಿ ಆಗ್ತಿರ್ಲಿಲ್ಲ. ಯಾವತ್ತೋ ಹೇಳ್ಬೇಕು ಅಂತಿದ್ದೆ. ಅಕ್ಕನ ಕೈಲಿ ಹೇಳಿಸೋ ಮಾತಲ್ಲ ಅಂತ ಸುಮ್ಮನಾದೆ."

ಅಪ್ಪ ಜೇಬಿನಿಂದ ಬಟ್ಟೆ ತೆಗೆದು ಕೈ ಒರೆಸಿಕೊಂಡ, ಅದೇ ಬಟ್ಟೆಯನ್ನು ಚಿಕ್ಕಪ್ಪನಿಗೆ ಕೊಟ್ಟ. ಆಮೇಲೆ, "ಸರಿ ಸರಿ, ತಳ್ಳು ಈಗ" ಅಂದ.

"ಅಣ್ಣ ಅಂದ, ಕೇಳಿಸ್ತೇನೇ?" ಅಂದಳು ಅತ್ತೆ. ಕಣ್ಣಲ್ಲಿ ದಳದಳ ನೀರು. ನಾನು ಕ್ಯಾನ್ ಎತ್ತಿಕೊಂಡೆ. ಅವಳು ಕಿತ್ತುಕೊಂಡು ಅಲ್ಲೇ ಗಿಡದ ಹಿಂದೆ ಇಟ್ಟಳು. "ಹುಚ್ಚಿ, ಈಗ ಇದನ್ನ ಕೊಟ್ರೆ ಬುರ್ರಂತ ಮನೆಗೆ ಬಂದ್ಬಿಡ್ತಾರೆ. ತಳ್ಳಲಿ, ಇಬ್ರೂ ಸೇರಿ ತಳ್ಳಲಿ."

ಮರೆಯಿಂದ ಹೊರಬಂದ ಅವಳನ್ನು ಕಂಡಿದ್ದೇ ಅಪ್ಪ, "ಅಕ್ಕಾ, ಒಳ್ಳೇ ಹೊತ್ತಿಗೆ ಬಂದೆ. ಸ್ಟೇರಿಂಗ್ ಹಿಡಿಯೋಕೆ ಒಬ್ರು ಬೇಕು, ಕೂತ್ಕೋ" ಅಂದ. ಅತ್ತೆ ಕೂತಳು. ಹಿಂದಿನಿಂದ ಇಬ್ಬರು ತಮ್ಮಂದಿರು, ಹೆಗಲಿಗೆ ಹೆಗಲು ಕೊಟ್ಟು, ಪೈಪೋ ವೈರೋ ಅಂತ ಮತ್ತೆ ಶುರುಮಾಡಿಕೊಂಡು ತಳ್ಳಿದರು. ನಾನೂ ತಳ್ಳಿದೆ. ದಾರಿಯಲ್ಲಿ ಒಂದು ಸೈಕಲ್ ಅಡ್ಡ ಬಂತು. ಅತ್ತೆ ಕತ್ತು ಹೊರಗೆ ಚಾಚಿ, ಬಾಯಲ್ಲೇ "ಪೋಂ ಪೋಂ" ಅಂತ ಹಾರನ್ ಹೊಡೆದಳು. ಸೈಕಲ್ಲಿನವನು ಬೆಚ್ಚಿಬಿದ್ದ.

ಗೇಟಿನ ಒಳಗೆ ಬಂದ ಮೇಲೆ, "ಎಲ್ಲಿ ನಿಲ್ಸೋಣ ಅಕ್ಕ?" ಅಂತ ಚಿಕ್ಕಪ್ಪ ಕೇಳಿದ.

"ಇದ್ದ ಜಾಗದಲ್ಲೇ" ಅಂದಳು. ಮೂತಿಯನ್ನು ಗೋಡೆಗೆ ಮುಟ್ಟಿಸಿ ಹ್ಯಾಂಡ್‌ಬ್ರೇಕ್ ಎಳೆದಳು.

ಸೋಮವಾರ ಮೇಸ್ತ್ರಿ ಕರಣೆ ಹಿಡಿದು ಬಂದ. ಕಾರು ನೋಡಿ ತಲೆ ಕೆರೆದುಕೊಂಡ. "ಮತ್ತೆ ಇಲ್ಲೇ ಇದೆಯಲ್ಲ? ಕೆಲಸ ಮುಗೀತು ಅಂದ್ರಿ?"

ಅಪ್ಪ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ಅಪ್ಪನ ಮುಖ ನೋಡಿದ.

"ಎಲ್ಲಿ ಮುಗೀತು ಮೇಸ್ತ್ರಿ? ಹಾರನ್ ಆಗ್ಬೇಕಿನ್ನೂ" ಅಂದ ಅಪ್ಪ.

"ಹಾರನ್ ದೊಡ್ಡ ಕೆಲಸ" ಅಂದ ಚಿಕ್ಕಪ್ಪ.

ಆ ಹಾರನ್ ಇವತ್ತಿಗೂ ಆಗಿಲ್ಲ. ಅತ್ತೆ ಇರುವಷ್ಟು ಕಾಲ ಭಾನುವಾರಕ್ಕೊಂದು ಸುತ್ತು ಹೋದಳು, ಒಂದು ವಾರ ಒಬ್ಬನ ಜೊತೆ, ಇನ್ನೊಂದು ವಾರ ಇನ್ನೊಬ್ಬನ ಜೊತೆ. ಹೋದ ವರ್ಷ ಅವಳನ್ನು ಅಂಗಳದಲ್ಲಿ ಮಲಗಿಸಿದಾಗ ನನಗೆ ಅವಳ ಅಂದಿನ ಮಾತು ನೆನಪಾಯಿತು. ತಲೆಯೆತ್ತಿ ನೋಡಿದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಅವಳ ಒಂದೇ ಪಕ್ಕದಲ್ಲಿ, ಒಬ್ಬರ ತೋಳನ್ನು ಒಬ್ಬರು ಹಿಡಿದುಕೊಂಡು ನಿಂತಿದ್ದರು.