ಗೋಡೆಯಿಂದ ಇಳಿದ ಫೋಟೊ

ರುದ್ರಾಣಕ್ಕನ ಎಡಗೈ ಮೂರು ಸಲ ಮುರಿದಿದೆ. ಮೊದಲೆರಡು ಸಲ ಮುರಿದವನು ಕಟ್ಟಿಕೊಂಡ ಗಂಡ. ಮೂರನೆಯ ಸಲ ಗಂಡನ ಅಣ್ಣ ಗಂಗಾಧರಸ್ವಾಮಿ. ಆ ಮೂರನೆಯದರಲ್ಲಿ ನನ್ನ ಪಾಲೂ ಇದೆ. ನಂಜನಗೂಡು ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟುಕೊಂಡು, ಎಂಥೆಂಥವರ ಮುಖವನ್ನೂ ಚೆನ್ನಾಗಿ ಕಾಣಿಸಿದವನು ನಾನು. ಆ ದಿನ ನನ್ನ ಮುಖವನ್ನು ಯಾರೂ ಫೋಟೊ ತೆಗೆಯಲಿಲ್ಲ, ಪುಣ್ಯ.

ಗಂಡ ಸತ್ತದ್ದು ತೊಂಬತ್ತಾರರಲ್ಲಿ. ಮಕ್ಕಳಿರಲಿಲ್ಲ. ದೇವಸ್ಥಾನದ ಹಿಂದಿನ ಬೀದಿಯ ಮನೆಯೊಂದೇ ಅವಳಿಗೆ ಉಳಿದದ್ದು. ಉರುಳುಸೇವೆಗೆ, ಮುಡಿ ಕೊಡುವುದಕ್ಕೆ ಬಂದವರಿಗೆ ಎರಡು ಕೋಣೆಗಳನ್ನು ಒಂದೆರಡು ದಿನದ ಮಟ್ಟಿಗೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಳು. ತಿ. ನರಸೀಪುರದಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಗಂಗಾಧರಸ್ವಾಮಿಗೆ ಆ ಮನೆಯ ಮೇಲೆ ಕಣ್ಣು. ಒಮ್ಮೆ ಬಂದು ಅವಳ ಪಾತ್ರೆಗಳನ್ನೆಲ್ಲ ಬೀದಿಗೆ ಎಸೆದಿದ್ದ. ಅವಳು ಒಂದೊಂದಾಗಿ ಎತ್ತಿಕೊಂಡು, ತೊಳೆದು ಒಳಗಿಟ್ಟಳು.

ಬಂದ ಗಿರಾಕಿಗಳು ಕೋಣೆ ನೋಡಿದವರೇ ವಾಪಸು ಹೋಗುತ್ತಾರೆ ಅಂತ ಎರಡು ಸಾವಿರದ ಎರಡರಲ್ಲಿ ನನ್ನ ಹತ್ತಿರ ಹೇಳಿಕೊಂಡಳು. ಹೋಗಿ ನೋಡಿದೆ. ದೊಡ್ಡ ಕೋಣೆಯ ಗೋಡೆಯಲ್ಲಿ ಗಂಡನ ಫೋಟೊ, ಅದಕ್ಕೊಂದು ಗಂಧದ ಹಾರ, ಮೇಲೊಂದು ಕೆಂಪು ಬಲ್ಬು. ಕಾಯಿಲೆ ವಾಸಿಯಾಗಲಿ ಎಂದು ನಂಜುಂಡನ ಹತ್ತಿರ ಬಂದವರು, ಇವರು ಹೇಗೆ ಹೋದರು ಎಂದು ಕೇಳುತ್ತಿದ್ದರಂತೆ. ಈ ಮಹಾತಾಯಿ, ಇದೇ ಕೋಣೆಯಲ್ಲಿ ರಕ್ತ ಕಾರಿಕೊಂಡು ಹೋದರು ಎಂದು ಇದ್ದದ್ದು ಇದ್ದಂತೆ ಹೇಳಿಬಿಡುತ್ತಿದ್ದಳು.

ಫೋಟೊ ಇಳಿಸು, ಗೋಡೆಗೆ ಸುಣ್ಣ ಹೊಡೆಸು ಎಂದವನು ನಾನೇ. ಮೂರು ದಿನ ಯೋಚಿಸಿ ಇಳಿಸಿದಳು. ಹಳೆ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಮನೆಯ ಮುಂಭಾಗ, ಎರಡು ಕೋಣೆ, ಬಚ್ಚಲಿನ ತಾಮ್ರದ ಹಂಡೆ, ಹೀಗೆ ನಾಲ್ಕು ಚಿತ್ರ ತೆಗೆದೆ. ಕೆಳಗೆ 'ದೇವಸ್ಥಾನಕ್ಕೆ ಐದು ನಿಮಿಷ, ಬಿಸಿನೀರು ಉಂಟು' ಎಂದು ಬರೆದು, ಲ್ಯಾಮಿನೇಷನ್ ಮಾಡಿಸಿ, ನನ್ನ ಸ್ಟುಡಿಯೋ ಪಕ್ಕದ ಮಂಗಳಮ್ಮನ ಎಳನೀರಂಗಡಿಯಲ್ಲಿ ತೂಗುಹಾಕಿದೆ. ತಿಂಗಳೊಳಗೆ ಕೋಣೆ ಖಾಲಿ ಇರುವುದೇ ಅಪರೂಪವಾಯಿತು.

ಒಂದು ಸೋಮವಾರ ದೇವರಿಗೆಂದು ಬಂದ ಗಂಗಾಧರಸ್ವಾಮಿ ಅಲ್ಲೇ ಎಳನೀರು ಕುಡಿಯಲು ನಿಂತ. ದೊಡ್ಡ ಕೋಣೆಯ ಚಿತ್ರದಲ್ಲಿ ತಮ್ಮನ ಫೋಟೊ ಇದ್ದ ಕಡೆ ಬರಿ ಮೊಳೆ ಕಂಡಿತು. ಮಂಗಳಮ್ಮನ ಕೈಯಿಂದ ಮಚ್ಚು ಕಿತ್ತುಕೊಂಡು ಓಡಿದ. ನಾನೂ ಹಿಂದೆಯೇ ಓಡಿದೆ.

ಅವನನ್ನು ಕಂಡದ್ದೇ ರುದ್ರಾಣಕ್ಕ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಬಾಗಿಲನ್ನು ಕಡಿಯತೊಡಗಿದ. ಹಲಗೆಯ ಚೂರು ನಡುಮನೆಯವರೆಗೂ ಹಾರಿ ಬಿತ್ತು.

"ನನ್ ತಮ್ಮನ್ನ ಗೋಡೆಯಿಂದ ಇಳಿಸ್ದ್ಯಾ, ಮುಂಡೆ? ಈಗ ಮನೆ ಬಿಟ್ಟು ನೀನ್ ಓಗು."

ಬಾಗಿಲು ಒಡೆಯಿತು. ಮಚ್ಚಿನ ಹಿಂಬದಿಯಿಂದ ಹೊಡೆದ. ಎಡಗೈ ಮುರಿದ ಸದ್ದು ಹೊರಗೆ ನಿಂತಿದ್ದ ನಮಗೂ ಕೇಳಿಸಿತು. ಗಲಾಟೆಗೆ ನೆರೆದವರೂ ನಾನೂ ಸೇರಿ ಹತ್ತು ಗಂಡಸರಿದ್ದೆವು. ಒಬ್ಬನೂ ಹೊಸ್ತಿಲು ದಾಟಲಿಲ್ಲ. ಥೂ ನಮ್ಮ ಜನ್ಮಕ್ಕೆ.

ಅವಳು ಬಲಗೈಯಲ್ಲಿ ಚೊಂಬು ಹಿಡಿದು, ಗಿರಾಕಿಗಳಿಗೆಂದು ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ಮೊಗೆದು ಅವನ ಎದೆಗೆ ಎರಚಿದಳು. ಮತ್ತೆ ಮೊಗೆದು ಮುಖಕ್ಕೆ ಎರಚಿದಳು. ಅವನು ಅರಚುತ್ತ ಬಿದ್ದ. ಮಚ್ಚನ್ನು ಕಾಲಲ್ಲಿ ಒತ್ತಿ ಹಿಡಿದು, ಮೂರನೆಯ ಚೊಂಬು ಎತ್ತಿ, ಹೊರಗೆ ಹೋಗು ಎಂದಳು. ಅವನು ತೆವಳಿಕೊಂಡೇ ಬೀದಿಗೆ ಬಂದ.

ಹದಿನೈದು ದಿನಕ್ಕೆ ಹಿರಿಯರು ಪಂಚಾಯಿತಿ ಕೂತರು. ಫೋಟೊ ಮತ್ತೆ ತೂಗುಹಾಕಿ ತಪ್ಪಾಯಿತು ಎಂದರೆ ಗಂಗಾಧರಸ್ವಾಮಿ ಮನೆಯ ತಂಟೆಗೆ ಬರುವುದಿಲ್ಲ, ಇಲ್ಲದಿದ್ದರೆ ಕೇಸು ಹಾಕುತ್ತಾನೆ ಎಂದರು. ರುದ್ರಾಣಕ್ಕ ಬ್ಯಾಂಡೇಜಿನ ಕೈಯನ್ನು ಅವರ ಮುಂದೆ ಚಾಚಿದಳು.

"ಇದ್ದಾಗ ಅವರು ಎಲ್ಡ್ ಸಲ ಈ ಕೈ ಮುರುದ್ರು. ಸತ್ತ ಮೇಲೂ ಆರು ವರ್ಷ ದೀಪ ಹಚ್ದೆ. ಇನ್ ಆಗಕಿಲ್ಲ. ಕೇಸ್ ಹಾಕ್ಲಿ."

ಕೇಸು ಬರಲಿಲ್ಲ. ಬಚ್ಚಲಿನಲ್ಲಿ ಏನಾಯಿತೆಂದು ಕೋರ್ಟಿನಲ್ಲಿ ಹೇಳುವ ಗಂಡಸ್ತನ ಅವನಿಗಿರಲಿಲ್ಲ.

ಅವಳು ಕೋಣೆಗಳ ಒಳಗಡೆ ಎರಡೆರಡು ಚಿಲಕ ಹಾಕಿಸಿ ನನ್ನನ್ನು ಕರೆಸಿದಳು. ಬಚ್ಚಲ ಬಾಗಿಲ ಮೇಲಿನ ಮಚ್ಚಿನ ಗುರುತು ಮುಚ್ಚಿಸಿರಲಿಲ್ಲ. ಅದರ ಮುಂದೆ, ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ನಿಂತು ಫೋಟೊ ತೆಗೆಸಿಕೊಂಡಳು. ಕೆಳಗೆ 'ಒಂಟಿ ಹೆಂಗಸರಿಗೂ ರೂಮು ಉಂಟು' ಎಂದು ಬರೆಸಿ, ಮಂಗಳಮ್ಮನ ಅಂಗಡಿಯಲ್ಲೇ ತೂಗುಹಾಕಿಸಿದಳು. ಇದನ್ನು ನೋಡಿದರೆ ಯಾರೂ ಬರುವುದಿಲ್ಲ ಎಂದು ನಾನು ಬುದ್ಧಿ ಹೇಳಿದೆ.

ಮರುವಾರ ಕತ್ತಿನ ಮೇಲೆ ಬೆರಳಿನ ಗುರುತಿದ್ದ ಹೆಂಗಸೊಬ್ಬಳು, ಮಗುವನ್ನು ಎತ್ತಿಕೊಂಡು ಮಂಗಳಮ್ಮನ ಅಂಗಡಿ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನೇ ಕರೆದುಕೊಂಡು ಹೋದೆ. ದೇವಸ್ಥಾನ ಎಷ್ಟು ದೂರ ಎಂದು ಅವಳು ಕೇಳಲಿಲ್ಲ. ಒಳಗಡೆ ಚಿಲಕ ಇದೆಯಾ ಎಂದು ಕೇಳಿದಳು.

"ಎಲ್ಡ್ ಅವೆ, ಬಾವ್ವ," ಎಂದಳು ರುದ್ರಾಣಕ್ಕ.