ಕೆಂಪು ಗೆರೆಯ ನಕ್ಷೆಗಾರರು
ನಗರಯೋಜನೆ ಕಚೇರಿಗೆ ಇರುವವರು ಒಬ್ಬರೇ ನಕ್ಷೆಗಾರರು; ಅವರು ಬೀದಿಗೆ ಕಾಲಿಟ್ಟರೆ ಸಾಕು, ಜನರ ಎದೆ ಧಸಕ್ಕೆನ್ನುತ್ತದೆ. ಇಪ್ಪತ್ತು ವರ್ಷದ ನಂತರ ಊರು ಹೇಗಿರಬೇಕೆಂದು ಗೆರೆ ಎಳೆಯುವುದು ಅವರ ಕೆಲಸ. ಹಸಿರು ಬಳಿದರೆ ಉದ್ಯಾನ, ಕೆಂಪು ಎಳೆದರೆ ರಸ್ತೆ. ಅವರ ಅಳತೆಯ ಟೇಪು ಕಂಡೊಡನೆ ಅಂಗಡಿಯವನು ನಗುತ್ತಲೇ ಕುರ್ಚಿ ಒರೆಸುತ್ತಾನೆ. ಅಜ್ಜಿಯೊಬ್ಬಳು ತನ್ನ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಅದನ್ನು ಈಗಲೇ ಹೊತ್ತೊಯ್ಯುತ್ತಾರೇನೋ ಎಂಬಂತೆ. "ಸಾರ್, ನಮ್ಮದು ಯಾವ ಬಣ್ಣ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನಕ್ಷೆ ಪ್ರಕಟ ಆದಾಗ ಗೊತ್ತಾಗುತ್ತೆ." ನಿಜ ಹೇಳಬೇಕೆಂದರೆ ಜನರಿಗಿಂತ ಅವರಿಗೇ ಹೆಚ್ಚು ಭಯ. ಯಾರ ಮನೆಯಲ್ಲೂ ನೀರು ಕುಡಿಯುವುದಿಲ್ಲ, ಮಕ್ಕಳ ಹೆಸರು ಕೇಳುವುದಿಲ್ಲ. ಹೆಸರು ತಿಳಿದರೆ ಗೆರೆ ಎಳೆಯುವಾಗ ಕೈ ತಡೆಯುತ್ತದಂತೆ. ಈಚೆಗೆ ಅವರ ಅಕ್ಕ ಮನೆಗೆ ಕರೆದು, ಬಾಣಂತಿ ಮಗಳಿಗೆಂದು ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸುವ ಮಾತೆತ್ತಿದಳು. "ಕಟ್ಟಬೇಡಕ್ಕಾ," ಎಂದರು ನಕ್ಷೆಗಾರರು. ಅಕ್ಕ ಅವರ ಮುಖವನ್ನೇ ನೋಡಿದಳು. "ನಮ್ಮನೆ ಒಂದೇನಾ?" "ಇಡೀ ಸಾಲು ಕೆಂಪು. ಗೆರೆ ನಾನೇ ಎಳೆದಿದ್ದು." ಪಕ್ಕದ ಮನೆಯಲ್ಲಿ ಗಾರೆಯವನು ಹೊಸ ಗೋಡೆಗೆ ಇಟ್ಟಿಗೆ ಕೂರಿಸುವ ಸದ್ದು ಕೇಳುತ್ತಿತ್ತು. "ಹಾಗಾದ್ರೆ ಅವರಿಗೂ ಹೋಗಿ ಹೇಳು," ಎಂದಳು ಅಕ್ಕ. "ಪ್ರಕಟ ಆಗೋ ಮುಂಚೆ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ." "ಅವರ ಮನೇನೇ ಹೋಗುತ್ತಲ್ಲೋ." ನಕ್ಷೆಗಾರರು ಬೂಟಿಗೆ ಕಾಲು ತೂರಿಸಿದರು, ದಾರ ಕಟ್ಟಲು ಹೋದರೆ ಗಂಟು ಜಾರಿ ಜಾರಿ ಬಿಚ್ಚಿಕೊಂಡಿತು. ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಕಟ್ಟುತ್ತಿದ್ದಂತೆ ಅಕ್ಕನೇ ಬಗ್ಗಿ ಕಟ್ಟಿದಳು. ಅವರು ಪಕ್ಕದ ಮನೆಯ ಗೇಟು ತಳ್ಳಿದರು. ಸ್ವಲ್ಪ ಹೊತ್ತಿಗೆ ಇಟ್ಟಿಗೆಯ ಸದ್ದು ನಿಂತಿತು.